ಖಾಸಗಿ ಕಾರಿಗೆ ಮಾಲೀಕರೇ ಕ್ರೂಸ್ ಕಂಟ್ರೋಲ್ ಅಳವಡಿಸಿಕೊಳ್ಳುವುದು: ನೋಂದಣಿ, ಅನುಮತಿ ಹಾಗೂ ಸುರಕ್ಷತೆಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಕಡಿಮೆ ಬೆಲೆಯ ಆರಂಭಿಕ ಮಾದರಿಯ, ಅಂದರೆ ಬಳಕೆಯ ಮಾತಿನಲ್ಲಿ ಬೇಸ್ ಮಾಡೆಲ್ ಎನ್ನಲಾಗುವ ಕಾರನ್ನು ಖರೀದಿಸಿದ ಮಾಲೀಕರು, ಅದೇ ಕಾರಿನ ದುಬಾರಿ ಮಾದರಿಯಲ್ಲಿರುವ ಕ್ರೂಸ್ ಕಂಟ್ರೋಲ್ ಸೌಲಭ್ಯವನ್ನು ಆನಂತರ ತಾವೇ ಅಳವಡಿಸಿಕೊಳ್ಳುವುದುಂಟು. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ಮಾರ್ಗವಾಗಿ ಹುಬ್ಬಳ್ಳಿಗೆ ಪದೇ ಪದೇ ಪ್ರಯಾಣಿಸುವವರಿಗೆ ಬಲಗಾಲನ್ನು ಗಂಟೆಗಟ್ಟಲೆ ಒಂದೇ ಸ್ಥಿತಿಯಲ್ಲಿ ಹಿಡಿದಿಡುವುದು ಶ್ರಮದಾಯಕವಾಗಿರುವುದರಿಂದ ಈ ಅಪೇಕ್ಷೆ ಸಹಜವೇ ಆಗಿದೆ. ಇಂತಹ ಅಳವಡಿಕೆಗೆ ಪ್ರಾದೇಶಿಕ ಸಾರಿಗೆ ಕಚೇರಿಯ ಅನುಮತಿ ಅಗತ್ಯವೇ, ನೋಂದಣಿ ಪತ್ರದಲ್ಲಿ ನಮೂದು ಮಾಡಿಸಬೇಕೇ, ಅದಕ್ಕಾಗಿ ಯಾವ ಅರ್ಜಿಯನ್ನು ಸಲ್ಲಿಸಬೇಕು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರ ನೀಡಲಾಗಿದೆ.

ಸಂಕ್ಷಿಪ್ತವಾಗಿ ಹೇಳುವುದಾದರೆ, ಖಾಸಗಿ ಕಾರಿನ ನೋಂದಣಿ ಪತ್ರದಲ್ಲಿ ಕ್ರೂಸ್ ಕಂಟ್ರೋಲ್‌ಗೆ ಸಂಬಂಧಿಸಿದ ಯಾವುದೇ ಅಂಕಣ ಇರುವುದಿಲ್ಲ. ಆದುದರಿಂದ ನಮೂದಿನ ತಿದ್ದುಪಡಿಗಾಗಿ ಅರ್ಜಿ ಸಲ್ಲಿಸುವ ಪ್ರಸಂಗ ಉದ್ಭವಿಸುವುದಿಲ್ಲ. ಆದರೆ ಅರ್ಜಿ ಇಲ್ಲ ಎಂದಮೇಲೆ ಪರಿಶೀಲನೆಯೂ ಇಲ್ಲ. ಬಹಳಷ್ಟು ಮಾಲೀಕರು ಈ ಎರಡನೆಯ ಮಾತನ್ನು ಗಮನಿಸುವುದಿಲ್ಲವಾದುದರಿಂದ, ಈ ಪುಟದಲ್ಲಿ ಅದಕ್ಕೇ ಹೆಚ್ಚಿನ ಸ್ಥಳ ನೀಡಲಾಗಿದೆ.

ಕ್ರೂಸ್ ಕಂಟ್ರೋಲ್ ಎಂದರೇನು

ಚಾಲಕರು ನಿಗದಿಪಡಿಸಿದ ವೇಗವನ್ನು, ಕಾಲಿನಿಂದ ಆಕ್ಸಿಲರೇಟರ್ ಒತ್ತದೆಯೇ, ವಾಹನವು ಕಾಯ್ದುಕೊಂಡು ಹೋಗುವಂತೆ ಮಾಡುವ ವ್ಯವಸ್ಥೆಯೇ ಕ್ರೂಸ್ ಕಂಟ್ರೋಲ್. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಅವರು ಇದಕ್ಕೆ 1950ರಲ್ಲಿ ಪೇಟೆಂಟ್ ಪಡೆದರು. 1958ರಲ್ಲಿ ಕ್ರೈಸ್ಲರ್ ಕಂಪನಿಯು ತನ್ನ ಕಾರುಗಳಲ್ಲಿ ಇದನ್ನು ಮೊದಲಿಗೆ ನೀಡಿತು. ದೃಷ್ಟಿಯಿಲ್ಲದ ವ್ಯಕ್ತಿಯೊಬ್ಬರು ಚಾಲಕರ ಕಾಲಿನ ಆಯಾಸವನ್ನು ನೀಗಿಸಿದರೆಂಬುದು ಈ ಉಪಕರಣದ ಇತಿಹಾಸದಲ್ಲಿನ ಒಂದು ವಿಶೇಷ.

ಕಾರ್ಯವಿಧಾನ ಸರಳವಾದುದು. ವಾಹನದ ನಿಜವಾದ ವೇಗವನ್ನು ಸಂವೇದಕವು ಅಳೆಯುತ್ತದೆ. ಚಾಲಕರು ನಿಗದಿಪಡಿಸಿದ ವೇಗದೊಂದಿಗೆ ಅದನ್ನು ನಿಯಂತ್ರಣ ಘಟಕವು ಹೋಲಿಸುತ್ತದೆ. ವ್ಯತ್ಯಾಸಕ್ಕೆ ಅನುಗುಣವಾಗಿ ಎಂಜಿನ್ನಿಗೆ ಹೋಗುವ ಗಾಳಿ ಅಥವಾ ಇಂಧನವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಬ್ರೇಕ್ ಅಥವಾ ಕ್ಲಚ್ ಒತ್ತಿದ ಕ್ಷಣದಲ್ಲಿ ಇಡೀ ವ್ಯವಸ್ಥೆ ಹಿಂದೆ ಸರಿದು ವಾಹನವನ್ನು ಚಾಲಕರ ವಶಕ್ಕೆ ಒಪ್ಪಿಸತಕ್ಕದ್ದು. ಸಾಮಾನ್ಯ ಕ್ರೂಸ್ ಕಂಟ್ರೋಲ್ ತಾನಾಗಿ ಬ್ರೇಕ್ ಹಾಕುವುದಿಲ್ಲ, ಮುಂದಿನ ವಾಹನವನ್ನು ನೋಡುವುದೂ ಇಲ್ಲ. ಮುಂದಿನ ವಾಹನದ ಅಂತರವನ್ನು ಅರಿತು ವೇಗ ತಗ್ಗಿಸುವ ಅಡಾಪ್ಟಿವ್ ವ್ಯವಸ್ಥೆ ಬೇರೆಯದು. ಅದಕ್ಕೆ ರಡಾರ್ ಅಥವಾ ಕ್ಯಾಮೆರಾ, ಬ್ರೇಕ್ ವ್ಯವಸ್ಥೆಯೊಂದಿಗೆ ಜೋಡಣೆ ಹಾಗೂ ಕಾರ್ಯಾಗಾರದಲ್ಲಿ ನಿಖರ ಹೊಂದಾಣಿಕೆ ಬೇಕಾಗುವುದರಿಂದ, ಮನೆಯಲ್ಲಿ ಅದನ್ನು ಅಳವಡಿಸುವ ಯೋಚನೆಯನ್ನೇ ಮಾಡತಕ್ಕದ್ದಲ್ಲ. ಈ ಪುಟದ ವಿವರಣೆಯು ಸಾಮಾನ್ಯ ಕ್ರೂಸ್ ಕಂಟ್ರೋಲ್‌ಗೆ ಮಾತ್ರ ಸೀಮಿತವಾಗಿದೆ.

ವಾಣಿಜ್ಯ ವಾಹನಗಳಲ್ಲಿರುವ ವೇಗ ನಿಯಂತ್ರಕ, ಅಂದರೆ ಸ್ಪೀಡ್ ಗವರ್ನರ್, ಇದಕ್ಕಿಂತ ಸಂಪೂರ್ಣ ಭಿನ್ನವಾದುದು. ಗವರ್ನರ್ ವಾಹನವು ನಿಗದಿತ ವೇಗವನ್ನು ಮೀರದಂತೆ ತಡೆಯುತ್ತದೆ. ಕ್ರೂಸ್ ಕಂಟ್ರೋಲ್ ವೇಗವನ್ನು ಉಳಿಸಿಕೊಳ್ಳುತ್ತದೆಯೇ ಹೊರತು ಚಾಲಕರನ್ನು ತಡೆಯುವುದಿಲ್ಲ. ಕ್ರೂಸ್ ಕಂಟ್ರೋಲ್ ಇದೆ ಎಂಬ ಕಾರಣಕ್ಕೆ ಗವರ್ನರ್‌ನಿಂದ ವಿನಾಯಿತಿ ದೊರೆಯುವುದಿಲ್ಲ.

ಕಾಯ್ದೆಯ ಉಪಬಂಧಗಳು

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52 ವಾಹನಗಳ ಮಾರ್ಪಾಡಿಗೆ ಸಂಬಂಧಿಸಿದುದಾಗಿದೆ. ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೂ ನೋಂದಣಿ ಪತ್ರದಲ್ಲಿನ ವಿವರಗಳಿಗೂ ವ್ಯತ್ಯಾಸ ಉಂಟಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲವೆಂದು ಸದರಿ ಕಲಂ ವಿಧಿಸುತ್ತದೆ. ವಾಹನದ ರಚನೆಯಲ್ಲಿ ಬದಲಾವಣೆಯಾಗಿ ಅದರ ಮೂಲ ಲಕ್ಷಣವೇ ಬದಲಾದರೆ ಅದು ಮಾರ್ಪಾಡು ಎಂದು ಕಲಮಿನ ವಿವರಣೆ ತಿಳಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ನೀಡಿದ ತೀರ್ಪಿನಲ್ಲಿ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂಬುದನ್ನು ಸ್ಪಷ್ಟಪಡಿಸಿದೆ.

ನೋಂದಣಿ ಪತ್ರದಲ್ಲಿ ವಾಹನದ ವರ್ಗ, ತಯಾರಕರ ಹೆಸರು, ಬಾಡಿಯ ಬಗೆ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಎಂಜಿನ್ ಸಾಮರ್ಥ್ಯ, ಇಂಧನ, ಬಣ್ಣ, ಆಸನಗಳ ಸಂಖ್ಯೆ, ಖಾಲಿ ತೂಕ ಮುಂತಾದವು ನಮೂದಾಗಿರುತ್ತವೆ. ಪೆಟ್ರೋಲ್ ಕಾರಿಗೆ ಸಿ.ಎನ್.ಜಿ. ಕಿಟ್ ಹಾಕಿಸಿದರೆ ಇಂಧನದ ನಮೂದು ಬದಲಾಗುತ್ತದೆ. ಎಂಜಿನ್ ಬದಲಿಸಿದರೆ ಅದರ ಸಂಖ್ಯೆ ಬದಲಾಗುತ್ತದೆ. ಬಣ್ಣ ಬದಲಿಸಿದರೆ ಅದೂ ಸಹ. ಇಂತಹ ಸಂದರ್ಭಗಳಲ್ಲಿ ಅನುಮೋದನೆ ಪಡೆದು ನಮೂದು ಮಾಡಿಸುವುದು ಕಡ್ಡಾಯ. ಸ್ಟೀರಿಂಗ್ ಬಳಿ ಒಂದು ಗುಂಡಿಯನ್ನು ಕೂಡಿಸಿ ಆರು ತಂತಿಗಳನ್ನು ಎಳೆದರೆ ಮೇಲ್ಕಂಡ ಯಾವ ವಿವರವೂ ಬದಲಾಗುವುದಿಲ್ಲ.

ಹಾಗೆಂದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿ ಅಂಕಣವಿಲ್ಲದ ಎಲ್ಲವನ್ನೂ ಮಾಲೀಕರು ಸ್ವೇಚ್ಛೆಯಿಂದ ಮಾಡಬಹುದೆಂದು ಭಾವಿಸತಕ್ಕದ್ದಲ್ಲ. ಕಾರಿನ ಮುಂಭಾಗಕ್ಕೆ ಹಾಕಿಸುವ ಕಬ್ಬಿಣದ ಕ್ರ್ಯಾಶ್ ಗಾರ್ಡ್‌ಗಳು ಕಲಂ 52ಕ್ಕೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ತಿಳಿಸಿತ್ತು. ಅವುಗಳಿಗೂ ನೋಂದಣಿ ಪತ್ರದಲ್ಲಿ ಅಂಕಣವಿಲ್ಲ. 2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಕಲಂ 182ಎ, ಉಪಕಲಂ (4)ರ ಪ್ರಕಾರ, ಬಿಡಿಭಾಗಗಳ ಮರುಜೋಡಣೆಯೂ ಸೇರಿದಂತೆ ಕಾಯ್ದೆ ಹಾಗೂ ನಿಯಮಗಳಲ್ಲಿ ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ 6 ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಕಾನೂನಿನ ರೀತ್ಯಾ ವಾಹನದಲ್ಲಿ ಇರಲೇಬೇಕಾದ ಸುರಕ್ಷತಾ ಸಾಧನವೊಂದನ್ನು ಈ ಕೆಲಸದ ಭರದಲ್ಲಿ ತೆಗೆದುಹಾಕುವುದು ಅಥವಾ ನಿಷ್ಕ್ರಿಯಗೊಳಿಸುವುದು ಯಾವ ಕಾರಣಕ್ಕೂ ಕೂಡದು. ಸಂಶಯವಿದ್ದಲ್ಲಿ, ವಾಹನದ ಮಾದರಿ ಹಾಗೂ ಅಳವಡಿಸಲಿರುವ ಭಾಗಗಳ ವಿವರಗಳೊಂದಿಗೆ ತಮ್ಮ ವ್ಯಾಪ್ತಿಯ ನೋಂದಣಿ ಪ್ರಾಧಿಕಾರವನ್ನು ಕೆಲಸಕ್ಕೆ ಮುಂಚೆಯೇ ಲಿಖಿತವಾಗಿ ವಿಚಾರಿಸುವುದು ಸೂಕ್ತ.

ಪರಿಶೀಲನೆ ಯಾರಿಂದ

ಸಿ.ಎನ್.ಜಿ. ಕಿಟ್ ಅಳವಡಿಸಿದ ಕಾರನ್ನು ಮೋಟಾರು ವಾಹನ ನಿರೀಕ್ಷಕರು ಪರಿಶೀಲಿಸುತ್ತಾರೆ. ಕಿಟ್‌ಗೆ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಅನುಮೋದನೆ ಇದೆಯೇ ಎಂದು ನೋಡುತ್ತಾರೆ. ಟ್ಯಾಕ್ಸಿ, ಬಸ್ಸು, ಲಾರಿಗಳು ಅರ್ಹತಾ ಪತ್ರಕ್ಕಾಗಿ ನಿಯತಕಾಲಿಕವಾಗಿ ತಪಾಸಣೆಗೆ ಬರಲೇಬೇಕು. ಖಾಸಗಿ ಕಾರಿನ ಸಂಗತಿ ಹಾಗಲ್ಲ. ಕಲಂ 41ರನ್ವಯ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ವಾಯುಮಾಲಿನ್ಯ ತಪಾಸಣೆಯನ್ನು ಬಿಟ್ಟರೆ, ನಮೂನೆ 25ರಲ್ಲಿ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವವರೆಗೂ ಅಂತಹ ಕಾರನ್ನು ಸಾಮಾನ್ಯವಾಗಿ ಯಾವ ನಿರೀಕ್ಷಕರೂ ನೋಡುವುದಿಲ್ಲ. ವಾಯುಮಾಲಿನ್ಯ ತಪಾಸಣೆಯಲ್ಲಿ ಹೊಗೆಯನ್ನು ಅಳೆಯುತ್ತಾರೆಯೇ ವಿನಾ ಬ್ರೇಕ್ ಪೆಡಲಿನ ಹಿಂದಿನ ತಂತಿಯನ್ನಲ್ಲ.

ಮನೆಯ ಮುಂದೆ ಒಂದು ಭಾನುವಾರ ಮಾಡಿದ ತಂತಿ ಜೋಡಣೆಯು, ಹೊಸ ಕಾರಿನಲ್ಲಾದರೆ, ಹದಿನೈದು ವರ್ಷಗಳ ಕಾಲ ಯಾರ ಪರಿಶೀಲನೆಗೂ ಒಳಪಡದೆ 100 ಕಿ.ಮೀ. ವೇಗದಲ್ಲಿ ಓಡಾಡಬಹುದೆಂಬುದು ಇದರ ಅರ್ಥ. ಆ ಕಾರನ್ನು ಮನೆಯ ಇತರರೂ ಓಡಿಸುತ್ತಾರೆ. ಜೋಡಣೆ ಮಾಡಿದವರಿಗೆ ಯಾವ ತಂತಿ ಎಲ್ಲಿದೆ ಎಂಬುದು ಗೊತ್ತಿರುತ್ತದೆ. ಅವರ ಪತ್ನಿಗಾಗಲಿ ಮಗನಿಗಾಗಲಿ ಗೊತ್ತಿರುವುದಿಲ್ಲ. ಆದುದರಿಂದ ನಿರೀಕ್ಷಕರು ಮಾಡಬೇಕಾದ ಪರೀಕ್ಷೆಯನ್ನು ಮಾಲೀಕರೇ ಮಾಡಿಕೊಳ್ಳಬೇಕಾಗುತ್ತದೆ.

ಅಳವಡಿಕೆಯ ಎರಡು ಮಾರ್ಗಗಳು

ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲಿನಿಂದ ಎಂಜಿನ್ನಿಗೆ ಉಕ್ಕಿನ ಕೇಬಲ್ ಇರುವುದಿಲ್ಲ. ಪೆಡಲ್ ಎಷ್ಟು ಒತ್ತಲ್ಪಟ್ಟಿದೆ ಎಂಬುದನ್ನು ವಿದ್ಯುತ್ ಸಂಕೇತವಾಗಿ ಇ.ಸಿ.ಯು. ಎಂದು ಕರೆಯಲಾಗುವ ಎಂಜಿನ್ ನಿಯಂತ್ರಣ ಘಟಕಕ್ಕೆ ತಿಳಿಸಲಾಗುತ್ತದೆ. ಥ್ರಾಟಲ್ ತೆರೆಯುವುದು ಇ.ಸಿ.ಯು.ವಿನ ಕೆಲಸ. ಇಂತಹ ಕಾರಿನಲ್ಲಿ ಕ್ರೂಸ್ ಕಂಟ್ರೋಲ್‌ಗೆ ಪ್ರತ್ಯೇಕ ಯಂತ್ರವೇ ಬೇಕಿಲ್ಲ. ಇ.ಸಿ.ಯು.ವಿನ ತಂತ್ರಾಂಶದಲ್ಲಿ ಆ ಕಾರ್ಯ ಅಡಕವಾಗಿದ್ದರೆ ಸಾಕು. ದುಬಾರಿ ಮಾದರಿಗೂ ಆರಂಭಿಕ ಮಾದರಿಗೂ ಒಂದೇ ಎಂಜಿನ್, ಒಂದೇ ಇ.ಸಿ.ಯು. ಬಳಸುವ ತಯಾರಕರು ಅನೇಕರಿದ್ದಾರೆ. ಅಂತಹ ಕಾರಿನಲ್ಲಿ ಇಲ್ಲದಿರುವುದು ಗುಂಡಿಗಳು ಮತ್ತು ಕೆಲವು ತಂತಿಗಳು ಮಾತ್ರ. ಉದಾಹರಣೆಗೆ, 2022ರವರೆಗೆ ಭಾರತದಲ್ಲಿ ತಯಾರಾದ ಫೋಕ್ಸ್‌ವ್ಯಾಗನ್ ಪೋಲೊ ಕಾರಿನ ಕೆಲವು ಮಾದರಿಗಳಲ್ಲಿ ಇಂಡಿಕೇಟರ್ ಹಿಡಿಕೆಯನ್ನು ಗುಂಡಿಗಳಿರುವ ಹಿಡಿಕೆಯೊಂದಿಗೆ ಬದಲಾಯಿಸಿ, ಅಗತ್ಯವಿದ್ದಲ್ಲಿ ತಂತಿ ಸೇರಿಸಿ, ರೋಗಪತ್ತೆ ಉಪಕರಣದ ಮೂಲಕ ಇ.ಸಿ.ಯು.ವಿಗೆ ಸಂಕೇತ ನೀಡಿ ಈ ಕಾರ್ಯವನ್ನು ಚಾಲನೆಗೊಳಿಸಿಕೊಂಡ ಮಾಲೀಕರಿದ್ದಾರೆ.

ತಯಾರಕರದೇ ಬಿಡಿಭಾಗ ಬಳಸುವ ಈ ಮೊದಲ ಮಾರ್ಗವೇ ಉತ್ತಮವಾದುದು. ಬ್ರೇಕ್ ಒತ್ತಿದಾಗ ಏನು ಮಾಡಬೇಕು, ವೇಗದ ಸಂಕೇತ ಬಾರದಿದ್ದರೆ ಏನು ಮಾಡಬೇಕು, ಗುಂಡಿ ಕೆಟ್ಟುಹೋದರೆ ಏನು ಮಾಡಬೇಕು ಎಂಬುದನ್ನು ತಯಾರಕರು ಪರೀಕ್ಷಿಸಿ ತಂತ್ರಾಂಶದಲ್ಲಿ ಬರೆದಿರುತ್ತಾರೆ. ಗುಂಡಿ ಜೋಡಿಸುವವರು ಆ ತರ್ಕವನ್ನು ಮುಟ್ಟುವುದಿಲ್ಲ. ಆದರೆ ದುಬಾರಿ ಮಾದರಿಯಲ್ಲಿದೆ ಎಂಬ ಕಾರಣಕ್ಕೆ ತಮ್ಮ ಕಾರಿನಲ್ಲಿಯೂ ಇದ್ದೇ ಇರುತ್ತದೆಂದು ಭಾವಿಸಿ ಮೊದಲೇ ಬಿಡಿಭಾಗ ಖರೀದಿಸಬಾರದು. ಎಂಜಿನ್, ಗೇರ್‌ಬಾಕ್ಸ್, ತಯಾರಿಕೆಯ ವರ್ಷ ಮೂರೂ ಒಂದೇ ಆಗಿರಬೇಕು. ಚಾಸಿ ಸಂಖ್ಯೆಯನ್ನು ನೀಡಿ ಅಧಿಕೃತ ಸೇವಾ ಕೇಂದ್ರದಲ್ಲಿ ವಿಚಾರಿಸಿದರೆ ಸಂಶಯ ಪರಿಹಾರವಾಗುತ್ತದೆ. ಸೇವಾ ಕೇಂದ್ರವೇ ಇದನ್ನು ಅಳವಡಿಸಿಕೊಡಲು ಒಪ್ಪುವುದಾದರೆ, ಉಳಿತಾಯದ ಆಸೆಯನ್ನು ಬಿಟ್ಟು ಅಲ್ಲಿಯೇ ಮಾಡಿಸಿ ರಸೀದಿ ಪಡೆಯುವುದು ಲೇಸು.

ಎರಡನೆಯದು ಮಾರುಕಟ್ಟೆಯಲ್ಲಿ ದೊರೆಯುವ ಪ್ರತ್ಯೇಕ ಕಿಟ್. ಪೆಡಲಿಗೂ ಇ.ಸಿ.ಯು.ವಿಗೂ ನಡುವೆ ಇದನ್ನು ಸೇರಿಸಲಾಗುತ್ತದೆ. ಚಾಲಕರು ಪೆಡಲ್ ಒತ್ತುತ್ತಿರುವರೆಂಬ ಕೃತಕ ಸಂಕೇತವನ್ನು ಈ ಕಿಟ್ ಇ.ಸಿ.ಯು.ವಿಗೆ ಕಳುಹಿಸುತ್ತದೆ, ಕ್ರೂಸ್ ನಡೆಯುತ್ತಿದೆ ಎಂಬುದು ಇ.ಸಿ.ಯು.ವಿಗೆ ತಿಳಿದೇ ಇರುವುದಿಲ್ಲ. ಪೆಡಲಿನಲ್ಲಿ ಸುರಕ್ಷತೆಗಾಗಿ ಎರಡು ಸಂವೇದಕಗಳಿದ್ದು, ಅವೆರಡರ ಸಂಕೇತಗಳು ಹೊಂದಿಕೆಯಾಗದಿದ್ದಲ್ಲಿ ಇ.ಸಿ.ಯು. ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿ ಎಚ್ಚರಿಕೆ ದೀಪ ಬೆಳಗಿಸುತ್ತದೆ. ಆ ಕಾರಿಗೆಂದೇ ತಯಾರಾಗದ ಕಿಟ್ ಹಾಕಿದಾಗ, ಹೆದ್ದಾರಿಯ ಬಲಪಥದಲ್ಲಿ ವಾಹನವು ಹಠಾತ್ತನೆ ನಿಧಾನಗೊಳ್ಳುವ ಸಂಭವವಿದೆ. ಆದುದರಿಂದ ಕಾರಿನ ಮಾದರಿಗೆ ಹೊಂದುವ ಜೋಡಣೆಯ ಕನೆಕ್ಟರ್ ಸಹಿತ ಬರುವ, ಮೂಲ ತಂತಿಗಳನ್ನು ಕತ್ತರಿಸುವ ಅಗತ್ಯವಿಲ್ಲದ ಕಿಟ್ ಹೊರತು ಬೇರಾವುದನ್ನೂ ಪರಿಗಣಿಸಬಾರದು.

ಕೇಬಲ್ ಥ್ರಾಟಲ್ ಇರುವ ಹಳೆಯ ಕಾರುಗಳಿಗೆ ಕೇಬಲನ್ನು ಎಳೆಯುವ ಮೋಟಾರು ಅಥವಾ ನಿರ್ವಾತ ಯಂತ್ರ ಬೇಕಾಗುತ್ತದೆ. ಎಳೆದ ಕೇಬಲ್ ತುಕ್ಕಿನಿಂದಲೋ ಧೂಳಿನಿಂದಲೋ ಮರಳಿ ಸಡಿಲಗೊಳ್ಳದಿದ್ದರೆ ಎಂಜಿನ್ ಪೂರ್ಣ ವೇಗದಲ್ಲಿಯೇ ಉಳಿಯುತ್ತದೆ. ವಯಸ್ಸಾದ ಕಾರಿಗೆ ಇಂತಹ ಸಾಹಸ ಬೇಡ.

ಬ್ರೇಕ್ ಸ್ವಿಚ್ ಮತ್ತು ಕ್ಲಚ್ ಸ್ವಿಚ್

ಯಾವ ಮಾರ್ಗವನ್ನು ಅನುಸರಿಸಿದರೂ ಜೀವ ನಿಂತಿರುವುದು ಬ್ರೇಕ್ ಪೆಡಲಿನ ಮೇಲ್ತುದಿಯಲ್ಲಿರುವ ಹೆಬ್ಬೆರಳಿನ ಗಾತ್ರದ ಸ್ವಿಚ್ಚಿನ ಮೇಲೆ. ಸಾಮಾನ್ಯವಾಗಿ ಇದರೊಳಗೆ ಎರಡು ಸರ್ಕ್ಯೂಟುಗಳಿರುತ್ತವೆ. ಒಂದು, ಪೆಡಲ್ ಒತ್ತಿದಾಗ ಕೂಡಿಕೊಂಡು ಹಿಂಬದಿಯ ಬ್ರೇಕ್ ದೀಪಗಳನ್ನು ಬೆಳಗಿಸುತ್ತದೆ. ಇನ್ನೊಂದು, ಪೆಡಲ್ ಒತ್ತಿದಾಗ ಬಿಟ್ಟುಕೊಂಡು ಇ.ಸಿ.ಯು.ವಿಗೆ ಸಂಕೇತ ನೀಡುತ್ತದೆ. ಎರಡೂ ಪರಸ್ಪರ ತಾಳೆಯಾದರೆ ಮಾತ್ರ ಬ್ರೇಕಿನ ಸ್ಥಿತಿಯನ್ನು ಇ.ಸಿ.ಯು. ನಂಬುತ್ತದೆ. ಕಾರ್ಖಾನೆಯ ವ್ಯವಸ್ಥೆಯಲ್ಲಿ ಒಂದು ತಂತಿ ಕಡಿದುಹೋದರೂ ಕ್ರೂಸ್ ಚಾಲನೆಯಾಗದಂತೆ ಏರ್ಪಾಡು ಇರುವುದು ಈ ಕಾರಣದಿಂದ.

ಪ್ರತ್ಯೇಕ ಕಿಟ್‌ಗಳಲ್ಲಿ ಈ ಜೋಡಣೆಯನ್ನು ಅಳವಡಿಸುವವರೇ ಮಾಡಬೇಕು. ತಪ್ಪುಗಳಾಗುವುದೂ ಇಲ್ಲಿಯೇ. ಬ್ರೇಕ್ ದೀಪದ ತಂತಿಗೆ ಬದಲಾಗಿ ಪಕ್ಕದಲ್ಲಿರುವ ಪಾರ್ಕಿಂಗ್ ದೀಪದ ತಂತಿಗೆ ಜೋಡಿಸಿದರೆ ಹಗಲಿನಲ್ಲಿ ಕ್ರೂಸ್ ಚೆನ್ನಾಗಿಯೇ ಓಡುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ರದ್ದಾಗುವುದಿಲ್ಲ. ಚಾಲಕರು ಬ್ರೇಕ್ ಒತ್ತುತ್ತಿದ್ದರೂ ಎಂಜಿನ್ ಅದರ ವಿರುದ್ಧ ಎಳೆಯುತ್ತಿರುತ್ತದೆ. ಹಲವು ಕಾರುಗಳ ಇ.ಸಿ.ಯು.ಗಳಲ್ಲಿ ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡೂ ಒತ್ತಲ್ಪಟ್ಟಾಗ ಬ್ರೇಕಿಗೆ ಆದ್ಯತೆ ನೀಡುವ ವ್ಯವಸ್ಥೆ ಇದೆ. ಆದರೆ ಎಲ್ಲ ಕಾರುಗಳಲ್ಲಿ ಇಲ್ಲ. ಇದೆಯೆಂದು ಭಾವಿಸಿ ಜೋಡಣೆಯನ್ನು ಸಡಿಲವಾಗಿ ಮಾಡಲಾಗದು.

ಬಲ್ಬಿಗೆ ಸಂಬಂಧಿಸಿದ ಇನ್ನೊಂದು ಸೂಕ್ಷ್ಮವಿದೆ. ಕೆಲವು ಕಿಟ್‌ಗಳು ಬ್ರೇಕ್ ದೀಪದ ಬಲ್ಬಿನ ತಂತುವಿನ ಮೂಲಕ ಭೂಸಂಪರ್ಕವನ್ನು ಗುರುತಿಸುತ್ತವೆ. ಬಲ್ಬುಗಳು ಸುಟ್ಟುಹೋಗಿದ್ದರೆ ಅಥವಾ ಅವುಗಳ ಬದಲಿಗೆ ಎಲ್.ಇ.ಡಿ. ಹಾಕಿದ್ದರೆ ಅಂತಹ ಕಿಟ್ ಚಾಲನೆಯಾಗುವುದೇ ಇಲ್ಲ. ಕಿಟ್ ಕೆಟ್ಟಿದೆಯೆಂದು ತಿಳಿದು ಬ್ರೇಕ್ ತಂತಿಯನ್ನು ನೇರವಾಗಿ ಚಾಸಿಗೆ ಭೂಸಂಪರ್ಕ ಮಾಡಿ ಅದನ್ನು ಓಡುವಂತೆ ಮಾಡಿಕೊಳ್ಳುವುದು ಅತ್ಯಂತ ಅಪಾಯಕಾರಿ. ಹಾಗೆ ಮಾಡಿದಾಗ ಕಿಟ್ ಓಡುತ್ತದೆ, ಬ್ರೇಕಿನ ಸಂಕೇತ ಮಾತ್ರ ಶಾಶ್ವತವಾಗಿ ಇಲ್ಲವಾಗುತ್ತದೆ. ಇದಕ್ಕೆ ಸರಿಯಾದ ಪರಿಹಾರ ಒಂದು ರಿಲೇ ಅಳವಡಿಸುವುದು. ಅದು ಗೊತ್ತಿಲ್ಲದಿದ್ದಲ್ಲಿ ಅರ್ಹ ಆಟೋ ಎಲೆಕ್ಟ್ರಿಷಿಯನ್ ಅವರ ನೆರವು ಪಡೆಯತಕ್ಕದ್ದು.

ಆರಂಭಿಕ ಮಾದರಿಯ ಕೆಲವು ಕಾರುಗಳಲ್ಲಿ ಕ್ಲಚ್ ಸ್ವಿಚ್ ಇರುವುದೇ ಇಲ್ಲ. ಅದಿಲ್ಲದೆ ಕ್ರೂಸ್ ಚಾಲನೆಯಲ್ಲಿರುವಾಗ ಗೇರ್ ಬದಲಿಸಲು ಕ್ಲಚ್ ಒತ್ತಿದರೆ, ಭಾರ ತಪ್ಪಿದ ಎಂಜಿನ್ ಅಬ್ಬರಿಸಿ ತಿರುಗುತ್ತದೆ. ಸ್ವಿಚ್ ಸೇರಿಸುವುದು ದುಬಾರಿಯಲ್ಲ, ಕಷ್ಟವೂ ಅಲ್ಲ. ಬಿಡಲು ಕಾರಣವೇ ಇಲ್ಲ.

ಏರ್‌ಬ್ಯಾಗ್ ಬಗ್ಗೆ ಎಚ್ಚರಿಕೆ

ಗುಂಡಿಗಳು ಸ್ಟೀರಿಂಗ್ ಚಕ್ರದ ಮೇಲೆಯೇ ಇರುವ ಕಾರುಗಳಲ್ಲಿ ಚಾಲಕರ ಏರ್‌ಬ್ಯಾಗನ್ನು ಬಿಚ್ಚಬೇಕಾಗುತ್ತದೆ. ಹಿಡಿಕೆ ಬದಲಿಸಬೇಕಾದ ಹಲವು ಕಾರುಗಳಲ್ಲಿ ಸ್ಟೀರಿಂಗ್ ಚಕ್ರವನ್ನೇ ತೆಗೆಯಬೇಕಾಗುತ್ತದೆ. ಏರ್‌ಬ್ಯಾಗಿನೊಳಗೆ ಸಿಡಿಯುವ ರಾಸಾಯನಿಕವಿದ್ದು ಅದು ಸಣ್ಣ ವಿದ್ಯುತ್ ಪ್ರವಾಹದಿಂದ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿದ ನಂತರವೂ ವ್ಯವಸ್ಥೆಯಲ್ಲಿ ಕೆಲಕಾಲ ವಿದ್ಯುತ್ ಉಳಿದಿರುತ್ತದೆ. ಎಷ್ಟು ಹೊತ್ತು ಕಾಯಬೇಕೆಂಬುದನ್ನು ಆಯಾ ಕಾರಿನ ಸೇವಾ ಕೈಪಿಡಿಯಲ್ಲಿ ಸೂಚಿಸಿರುತ್ತದೆ. ಏರ್‌ಬ್ಯಾಗಿನ ತಂತಿಗಳಿಗೆ, ಅವು ಬಹುತೇಕ ಹಳದಿ ಕವಚದಲ್ಲಿರುತ್ತವೆ, ಟೆಸ್ಟ್ ಲ್ಯಾಂಪ್ ಆಗಲಿ ಮಲ್ಟಿಮೀಟರ್ ಆಗಲಿ ತಾಗಿಸಕೂಡದು.

ಸ್ಟೀರಿಂಗ್ ತಿರುಗಿದಂತೆಲ್ಲ ತಂತಿಗಳು ತುಂಡಾಗದಂತೆ ನೋಡಿಕೊಳ್ಳುವ ಸುರುಳಿ ಕೇಬಲ್ ಚಕ್ರದ ಹಿಂದಿರುತ್ತದೆ. ಅದನ್ನು ಮಧ್ಯಬಿಂದುವಿನಲ್ಲಿರಿಸದೆ ಜೋಡಿಸಿದರೆ, ಕಾರನ್ನು ಪೂರ್ತಿ ತಿರುಗಿಸಿದಾಗ ಕೇಬಲ್ ಒಳಗೇ ತುಂಡಾಗಿ ಏರ್‌ಬ್ಯಾಗ್ ನಿಷ್ಕ್ರಿಯವಾಗುತ್ತದೆ. 2019ರ ಜುಲೈ 1ರಿಂದ ಕಾರುಗಳಿಗೆ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅನುಕೂಲಕ್ಕಾಗಿ ಕೂಡಿಸಿದ ಗುಂಡಿಯೊಂದು ಪ್ರಾಣ ಉಳಿಸಬೇಕಾದ ಸಾಧನವನ್ನು ಕೆಡಿಸುವುದು ಸಲ್ಲದು. ಸ್ಟೀರಿಂಗ್ ಬಿಚ್ಚುವ ಹಂತದ ಕೆಲಸವನ್ನಾದರೂ ತರಬೇತಿ ಹೊಂದಿದವರಿಂದ ಮಾಡಿಸತಕ್ಕದ್ದು. ಕೆಲಸ ಮುಗಿದ ಮೇಲೆ ಏರ್‌ಬ್ಯಾಗ್ ಎಚ್ಚರಿಕೆ ದೀಪ ಆರದೆ ಉಳಿದರೆ ಆ ಕಾರನ್ನು ರಸ್ತೆಗೆ ತರಬಾರದು.

ಕೆಲಸ ಮುಗಿದ ಮೇಲೆ

ಮೊದಲು ಕಾರನ್ನು ನಿಲ್ಲಿಸಿಯೇ ಪರೀಕ್ಷಿಸಬೇಕು. ಬ್ರೇಕ್ ದೀಪಗಳೆಲ್ಲವೂ ಬೆಳಗುತ್ತವೆಯೇ ಎಂದು ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ನೋಡಬೇಕು. ಹೊಸ ತಂತಿಗಳು ಪೆಡಲುಗಳ ಚಲನೆಗೆ ಅಡ್ಡಬರದಂತೆ ಕಟ್ಟಿರಬೇಕು; ಪ್ರತ್ಯೇಕ ಫ್ಯೂಸ್ ಇರಬೇಕು; ಟೇಪ್ ಸುತ್ತಿದ ತಿರುಚು ಜೋಡಣೆ ಮೊದಲ ಬೇಸಿಗೆಯಲ್ಲಿಯೇ ಸಡಿಲವಾಗುತ್ತದೆ.

ನಂತರ ವಾಹನ ಸಂಚಾರವಿಲ್ಲದ, ನೇರವಾದ ರಸ್ತೆಯಲ್ಲಿ ಸುಮಾರು 50 ಕಿ.ಮೀ. ವೇಗದಲ್ಲಿ ಕ್ರೂಸ್ ಚಾಲನೆಗೊಳಿಸಿ, ಬ್ರೇಕ್ ಪೆಡಲನ್ನು ದೀಪ ಬೆಳಗುವಷ್ಟು ಮಾತ್ರ ಮೃದುವಾಗಿ ಒತ್ತಬೇಕು. ಅಷ್ಟಕ್ಕೇ ಕ್ರೂಸ್ ರದ್ದಾಗಬೇಕು. ಗಟ್ಟಿಯಾಗಿ ಒತ್ತಿದಾಗ ಮಾತ್ರ ರದ್ದಾದರೆ ಜೋಡಣೆ ಸರಿಯಿಲ್ಲವೆಂದೇ ಅರ್ಥ. ಕ್ಲಚ್, ರದ್ದತಿ ಗುಂಡಿ, ಮುಖ್ಯ ಸ್ವಿಚ್ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ, ಒಂದಲ್ಲ ಹತ್ತು ಬಾರಿ ಪರೀಕ್ಷಿಸಬೇಕು. ದೀಪಗಳನ್ನು ಹಾಕಿ ಮತ್ತೊಮ್ಮೆ, ಇಂಡಿಕೇಟರ್ ಹಾಕಿ ಇನ್ನೊಮ್ಮೆ ನೋಡಬೇಕು. ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದಾಗ ಕ್ರೂಸ್ ತಾನಾಗಿಯೇ ಹಳೆಯ ವೇಗಕ್ಕೆ ಏರಬಾರದು. ಒಂದು ಪರೀಕ್ಷೆಯಲ್ಲಿ ಒಮ್ಮೆ ವಿಫಲವಾದರೂ ಫ್ಯೂಸನ್ನು ಕಿತ್ತಿಟ್ಟು ದೋಷ ಪತ್ತೆಯಾಗುವವರೆಗೆ ಬಳಕೆಯನ್ನು ನಿಲ್ಲಿಸಬೇಕು. ಮನೆಯಲ್ಲಿ ಆ ಕಾರನ್ನು ಓಡಿಸುವ ಎಲ್ಲರಿಗೂ ಗುಂಡಿಗಳ ಉಪಯೋಗವನ್ನೂ ಫ್ಯೂಸ್ ಇರುವ ಸ್ಥಳವನ್ನೂ ತೋರಿಸಿಕೊಡಬೇಕು.

ಹೊಸ ಕಾರುಗಳಲ್ಲಿ ವೇಗವು 80 ಕಿ.ಮೀ. ಮೀರಿದಾಗ ಆಗಾಗ್ಗೆ ಹಾಗೂ 120 ಕಿ.ಮೀ. ಮೀರಿದಾಗ ನಿರಂತರವಾಗಿ ಎಚ್ಚರಿಕೆಯ ಧ್ವನಿ ಬರುತ್ತದೆ. 85ರಲ್ಲಿ ಕ್ರೂಸ್ ಇಟ್ಟವರಿಗೆ ಈ ಧ್ವನಿ ಕಿರಿಕಿರಿಯೆನಿಸುವುದು ನಿಜ. ಆದರೆ ಅದೂ ಕಡ್ಡಾಯ ಸಾಧನವೇ. ರೋಗಪತ್ತೆ ಉಪಕರಣ ಕೈಯಲ್ಲಿದೆಯೆಂದು ಅದನ್ನು ಅಡಗಿಸತಕ್ಕದ್ದಲ್ಲ. ಕೇಂದ್ರ ಸರ್ಕಾರದ 2018ರ ಏಪ್ರಿಲ್ ತಿಂಗಳ ಅಧಿಸೂಚನೆಯಲ್ಲಿ ಕಾರುಗಳ ಗರಿಷ್ಠ ವೇಗವನ್ನು ಪ್ರವೇಶ ನಿಯಂತ್ರಿತ ಎಕ್ಸ್‌ಪ್ರೆಸ್ ಮಾರ್ಗಗಳಲ್ಲಿ 120 ಕಿ.ಮೀ., ವಿಭಜಕವುಳ್ಳ ಚತುಷ್ಪಥ ಹಾಗೂ ಅದಕ್ಕಿಂತ ದೊಡ್ಡ ರಸ್ತೆಗಳಲ್ಲಿ 100 ಕಿ.ಮೀ., ನಗರ ವ್ಯಾಪ್ತಿಯಲ್ಲಿ ಹಾಗೂ ಇತರ ರಸ್ತೆಗಳಲ್ಲಿ 70 ಕಿ.ಮೀ. ಎಂದು ನಿಗದಿಪಡಿಸಲಾಗಿದ್ದು, ಸ್ಥಳೀಯವಾಗಿ ಇದಕ್ಕಿಂತ ಕಡಿಮೆ ಮಿತಿ ಇರುವಲ್ಲಿ ಫಲಕದಲ್ಲಿರುವ ವೇಗವೇ ಅನ್ವಯವಾಗುತ್ತದೆ. ವೇಗ ನಿಗದಿಪಡಿಸಿದ್ದು ಯಂತ್ರವೆಂಬ ಸಮಜಾಯಿಷಿಗೆ ಮಾನ್ಯತೆ ಇಲ್ಲ.

ಶಿರಾಡಿ, ಚಾರ್ಮಾಡಿ, ಆಗುಂಬೆಯಂತಹ ಘಾಟಿಗಳಲ್ಲಿ ಕ್ರೂಸ್ ಬಳಸಬಾರದು. ಇಳಿಜಾರಿನಲ್ಲಿ ವಾಹನ ನಿಗದಿತ ವೇಗವನ್ನು ಮೀರಿ ಓಡುತ್ತದೆ, ಸಾಮಾನ್ಯ ಕ್ರೂಸ್ ಅದನ್ನು ತಡೆಯಲಾರದು. ಮಳೆನೀರು ನಿಂತ ರಸ್ತೆಯಲ್ಲಿ ಚಕ್ರ ಹಿಡಿತ ತಪ್ಪಿದಾಗಲೂ ಎಂಜಿನ್ ವೇಗ ಹೆಚ್ಚಿಸಲು ಯತ್ನಿಸುವುದರಿಂದ ಮಳೆಗಾಲದಲ್ಲಿಯೂ ಬೇಡ. ಬಣ್ಣ ಬಳಿಯದ ರಸ್ತೆ ಉಬ್ಬುಗಳಿರುವ ನಮ್ಮ ಊರುಗಳ ಸಮೀಪದಲ್ಲಂತೂ ಬಲಗಾಲು ಬ್ರೇಕಿನ ಮೇಲೆಯೇ ಇರಬೇಕು.

ವಿಮೆ, ಖಾತರಿ ಮತ್ತು ಸಾಲ

ತಯಾರಕರು ಅಳವಡಿಸದ ವಿದ್ಯುನ್ಮಾನ ಉಪಕರಣಗಳನ್ನು ವಿಮಾ ಕಂಪನಿಗೆ ತಿಳಿಸಿ, ಹೆಚ್ಚುವರಿ ಕಂತು ಪಾವತಿಸಿದಲ್ಲಿ ಮಾತ್ರ ಅವುಗಳಿಗೆ ವಿಮಾ ರಕ್ಷಣೆ ದೊರೆಯುತ್ತದೆ. ಉಪಕರಣದ ಬೆಲೆ ಅಲ್ಪವೆಂದು ಸುಮ್ಮನಿರುವವರುಂಟು. ಇಲ್ಲಿನ ಪ್ರಶ್ನೆ ಉಪಕರಣದ ಬೆಲೆಯದಲ್ಲ. ಅಪಘಾತ ಅಥವಾ ಬೆಂಕಿಯ ನಂತರ ಸಮೀಕ್ಷಕರು ತಿಳಿಸದ ತಂತಿ ಜೋಡಣೆಯನ್ನು ಕಂಡಲ್ಲಿ ಇಡೀ ಕ್ಲೇಮಿನ ಬಗ್ಗೆಯೇ ವಿವಾದ ಉಂಟಾಗಬಹುದು. ಅಳವಡಿಸಿದ ಕೂಡಲೇ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಕ್ಷೇಮ. ಖಾತರಿ ಅವಧಿಯಲ್ಲಿರುವ ಕಾರಾದರೆ ಖಾತರಿ ಪುಸ್ತಕದ ಷರತ್ತುಗಳನ್ನು ಮೊದಲು ಓದಬೇಕು. ಮೂಲ ವೈರಿಂಗ್ ಕತ್ತರಿಸಿದ ಕಾರಿನ ವಿದ್ಯುತ್ ದೋಷಗಳಿಗೆ ಖಾತರಿಯನ್ನು ನಿರಾಕರಿಸುವುದು ಸಾಮಾನ್ಯ. ಬಾಡಿಗೆ ಖರೀದಿ ಕರಾರಿನ ಮೇಲೆ ವಾಹನ ಹೊಂದಿರುವವರು ನೋಂದಾಯಿತ ಮಾಲೀಕರ ಲಿಖಿತ ಸಮ್ಮತಿಯಿಲ್ಲದೆ ಯಾವುದೇ ಮಾರ್ಪಾಡು ಮಾಡಬಾರದೆಂದು ಕಲಂ 52 ವಿಧಿಸಿದೆ.

ಅರ್ಜಿ ಅಗತ್ಯವಿರುವ ಸಂದರ್ಭ: ಅಂಗವಿಕಲ ಚಾಲಕರು

ಮೇಲಿನದೆಲ್ಲವೂ ಅನುಕೂಲಕ್ಕಾಗಿ ಕ್ರೂಸ್ ಬಯಸುವವರಿಗೆ ಸಂಬಂಧಿಸಿದುದು. ಕಾಲಿನ ದೌರ್ಬಲ್ಯವಿದ್ದು ಕೈಯಿಂದಲೇ ಬ್ರೇಕ್ ಮತ್ತು ಆಕ್ಸಿಲರೇಟರ್ ನಿರ್ವಹಿಸುವ ಚಾಲಕರಿಗೆ ಇದು ಅನುಕೂಲಕ್ಕಿಂತ ಹೆಚ್ಚಿನದು. ಸನ್ನೆಕೋಲನ್ನು ಗಂಟೆಗಟ್ಟಲೆ ಹಿಡಿದಿರುವ ಕೈಗೆ ಅದೊಂದೇ ವಿಶ್ರಾಂತಿ. ಇಂತಹ ಕೈ ನಿಯಂತ್ರಣಗಳನ್ನು ಅಳವಡಿಸಿದ ಕಾರು ಕಾಯ್ದೆಯ ರೀತ್ಯಾ ಅಂಗವಿಕಲರ ಬಳಕೆಗಾಗಿ ಹೊಂದಿಸಲಾದ ವಾಹನವಾಗುತ್ತದೆ. 2019ರ ತಿದ್ದುಪಡಿಯ ನಂತರದ ಕಲಂ 52, ಉಪಕಲಂ (2)ರನ್ವಯ, ಮಾಲೀಕರು ಈ ಹೊಂದಾಣಿಕೆಯನ್ನು ಮಾಡಿಸಿ ಆನಂತರ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯಬಹುದು. ಇಲ್ಲಿ ಅರ್ಜಿ ಕಡ್ಡಾಯ.

ಅರ್ಜಿಯೊಂದಿಗೆ ಮೂಲ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮಾ ಪತ್ರ, ವಾಯುಮಾಲಿನ್ಯ ತಪಾಸಣಾ ಪತ್ರ, ಗುರುತಿನ ಹಾಗೂ ವಿಳಾಸದ ದಾಖಲೆ, ಅಳವಡಿಸಿದ ಉಪಕರಣಗಳ ಬಿಲ್ಲುಗಳನ್ನು ಸಿದ್ಧವಾಗಿಟ್ಟುಕೊಂಡು, ಸಾಲವಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಸಮ್ಮತಿಪತ್ರವನ್ನೂ ಸೇರಿಸಿ, ವಾಹನವನ್ನು ನಿರೀಕ್ಷಕರ ಪರಿಶೀಲನೆಗೆ ಹಾಜರುಪಡಿಸಬೇಕಾಗುತ್ತದೆ. ನಿರ್ದಿಷ್ಟ ದಾಖಲೆಗಳು ಹಾಗೂ ಶುಲ್ಕವನ್ನು ಆಯಾ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಕೈ ನಿಯಂತ್ರಣದೊಂದಿಗೆ ಕ್ರೂಸ್ ಕೂಡ ಅಳವಡಿಸಿದ್ದಲ್ಲಿ ಅದನ್ನು ನಿರೀಕ್ಷಕರಿಗೆ ತಿಳಿಸಿ ಅವರ ಎದುರಿನಲ್ಲಿಯೇ ಪರೀಕ್ಷಿಸಿ ತೋರಿಸುವುದು ಅರ್ಜಿದಾರರ ಹಿತದೃಷ್ಟಿಯಿಂದಲೇ ಒಳ್ಳೆಯದು. ಬ್ರೇಕ್ ಪೆಡಲಿಗೆ ಜೋಡಿಸಿದ ಸರಳು ಪೆಡಲನ್ನು ಸದಾ ಕೂದಲೆಳೆಯಷ್ಟು ಒತ್ತಿಟ್ಟಿದ್ದರೆ ಕ್ರೂಸ್ ಚಾಲನೆಯಾಗುವುದಿಲ್ಲ. ಅದನ್ನು ಸರಿಪಡಿಸಲು ಸ್ವಿಚ್ಚನ್ನು ಹಿಂದಕ್ಕೆ ಸರಿಸಿದರೆ ಬ್ರೇಕಿನ ಸಂಕೇತ ತಡವಾಗುತ್ತದೆ. ಸರಿಪಡಿಸಬೇಕಾದುದು ಸರಳನ್ನು, ಸ್ವಿಚ್ಚನ್ನಲ್ಲ. ಚಾಲನಾ ಪರವಾನಗಿಯಲ್ಲಿಯೂ ಇಂತಹ ವಾಹನದ ವರ್ಗ ನಮೂದಾಗಿರಬೇಕೆಂಬುದನ್ನು ಅರ್ಜಿದಾರರು ಮರೆಯಬಾರದು.

ಹಳದಿ ಫಲಕದ ವಾಹನಗಳು ಮತ್ತು ಮಾರಾಟ

ಟ್ಯಾಕ್ಸಿ ಮುಂತಾದ ಸಾರಿಗೆ ವಾಹನಗಳು ಅರ್ಹತಾ ತಪಾಸಣೆಗೆ ಒಳಪಡುವುದರಿಂದ ಹಾಗೂ ವೇಗ ನಿಯಂತ್ರಕದ ನಿಯಮ ಅನ್ವಯವಾಗುವ ವಾಹನಗಳಲ್ಲಿ ಅದೇ ವೈರಿಂಗ್‌ಗೆ ಕೈಹಾಕಬೇಕಾಗಿ ಬರುವುದರಿಂದ, ಅಂತಹ ವಾಹನಗಳ ಮಾಲೀಕರು ನಿರೀಕ್ಷಕರನ್ನು ವಿಚಾರಿಸದೆ ಕ್ರೂಸ್ ಕಿಟ್ ಅಳವಡಿಸತಕ್ಕದ್ದಲ್ಲ.

ಕಾರನ್ನು ಮಾರುವಾಗ ಸಲ್ಲಿಸುವ ನಮೂನೆ 29 ಮತ್ತು 30ರಲ್ಲಿ ಕ್ರೂಸ್ ಕಂಟ್ರೋಲ್ ಬಗ್ಗೆ ಕೇಳುವುದಿಲ್ಲ. ಖರೀದಿದಾರರಿಗೆ ಅದು ಕಾರ್ಖಾನೆಯ ಅಳವಡಿಕೆಯೆಂಬ ತಪ್ಪು ಕಲ್ಪನೆ ಬಾರದಂತೆ ನೋಡಿಕೊಳ್ಳುವುದು ಮಾರುವವರ ಹೊಣೆ. ಬಿಲ್ಲು, ಕಿಟ್‌ನ ಕೈಪಿಡಿ, ಯಾವ ತಂತಿಯನ್ನು ಎಲ್ಲಿಗೆ ಜೋಡಿಸಲಾಗಿದೆ ಎಂಬ ಕೈಬರಹದ ಚಿತ್ರ ಇವಿಷ್ಟನ್ನು ಕೀಲಿಕೈಗಳೊಂದಿಗೆ ಹಸ್ತಾಂತರಿಸಬೇಕು. ಅಂತಹ ಚಿತ್ರ ಬರೆದಿಟ್ಟಿಲ್ಲದಿದ್ದಲ್ಲಿ ಮಾರಾಟಕ್ಕೆ ಮುಂಚೆ ಕಿಟ್ಟನ್ನು ತೆಗೆಸಿ ಮೂಲ ಕನೆಕ್ಟರನ್ನು ಮರಳಿ ಜೋಡಿಸಿಡತಕ್ಕದ್ದು.